ಹನ್ನೊಂದೂಕಾಲಿನ ಮೆಸೇಜು

ಅಂಗಡಿಯ ಕೌಂಟರಿನ ಮುಂದೆ ನಿಂತು ಪರ್ಸಿನ ಜಿಪ್ ಎಳೆದರೆ ಈಗಲೂ ಬೆನ್ನ ಹಿಂದಿನಿಂದ ಒಂದು ಮೆಲುದನಿ ಕೇಳಿಸುತ್ತದೆ. "ಅದಲ್ಲ ಮೇಡಂ, ನೀಲಿದು." ನಾನು ತಿರುಗಿ ನೋಡುವುದಿಲ್ಲ. ಯಾರೂ ಇರುವುದಿಲ್ಲ ಎಂದು ಗೊತ್ತು. ಇದ್ದುಬಿಟ್ಟರೆ ಎಂಬ ಹೆದರಿಕೆಯೂ ಇದೆ. ಸುಮ್ಮನೆ ನೀಲಿ ಕಾರ್ಡನ್ನೇ ತೆಗೆದುಕೊಡುತ್ತೇನೆ. ಮನೆಗೆ ಬಂದು ಲೆಕ್ಕ ಹಾಕಿದರೆ ನೀಲಿಯೇ ಸರಿ ಇರುತ್ತದೆ.

ಆ ದನಿಯವರು ಈ ಆಷಾಢದಲ್ಲಿ ತೀರಿಕೊಂಡರು. ಶಿವಮೊಗ್ಗದ ಒಂದು ಕಾಲೇಜಿನ ಕಚೇರಿಯಲ್ಲಿ ನಾನು ಸೂಪರಿಂಟೆಂಡೆಂಟ್, ಅವರು ಲೆಕ್ಕಪತ್ರ ವಿಭಾಗದ ಗುಮಾಸ್ತರು. ನಾಲ್ಕು ವರ್ಷ ನಮ್ಮದು ಎದುರುಬದುರು ಮೇಜು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದವರಿಗೆಲ್ಲ ಕೇಳಿದ್ದನ್ನೆಲ್ಲ ಹೇಳಿ ನಾನೊಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಕಚೇರಿಯಲ್ಲಿ ನಾವೆಲ್ಲ ಅವರನ್ನು ಬರೀ ಸಾರ್ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ಮನೆ ಭದ್ರಾವತಿಯ ಹಳೇ ಕ್ವಾರ್ಟರ್ಸಿನಲ್ಲಿ. ನಮ್ಮದೇ ಆಡಳಿತ ಮಂಡಳಿಗೆ ಸೇರಿದ ಅಲ್ಲಿನ ಶಾಲೆಯಿಂದ ವರ್ಗವಾಗಿ ಬಂದಿದ್ದರು. ನಮ್ಮಲ್ಲಿ ಭದ್ರಾವತಿಯಿಂದ ಓಡಾಡುತ್ತಿದ್ದವರು ಅವರೊಬ್ಬರೇ. ಬೆಳಿಗ್ಗೆ ಬಸ್ಸಿಳಿದು ಬಂದು, ಕುರ್ಚಿಯ ಧೂಳು ಕರ್ಚೀಫಿನಿಂದ ಕೊಡವಿ, ದಿನಾ ಒಂದೇ ಮಾತು ಹೇಳುತ್ತಿದ್ದರು: "ಈ ಪ್ರಪಂಚದಲ್ಲಿ ಪಾಯಿಂಟ್ ಕೊಡದೇ ಇರೋನು ಅಂದ್ರೆ ಬಸ್ ಕಂಡಕ್ಟರ್ ಒಬ್ನೇ ನೋಡಿ."

ಏಕೆಂದರೆ ಉಳಿದವರೆಲ್ಲರ ಹತ್ತಿರವೂ ಅವರು ಪಾಯಿಂಟು ವಸೂಲು ಮಾಡುತ್ತಿದ್ದರು. ಅವರಲ್ಲಿ ಏಳು ಕ್ರೆಡಿಟ್ ಕಾರ್ಡುಗಳಿದ್ದವು. ಇಟ್ಟುಕೊಳ್ಳುತ್ತಿದ್ದುದು ತಾಯಿಯ ಕಾಲದ ಎಲೆಯಡಿಕೆ ಸಂಚಿಯಲ್ಲಿ. ಎಲೆ ಇಡುವ ದೊಡ್ಡ ಮಡಿಕೆಯಲ್ಲಿ ದಿನಸಿಯ ಕಾರ್ಡು, ಅಡಿಕೆಯ ಮಡಿಕೆಯಲ್ಲಿ ಪೆಟ್ರೋಲಿನದು, ಸುಣ್ಣದ ಡಬ್ಬಿಯ ಜಾಗದಲ್ಲಿ ಔಷಧಿ ಅಂಗಡಿಯದು. ಗಾಡಿಯೇ ಇಲ್ಲದ ಮನುಷ್ಯನಿಗೆ ಪೆಟ್ರೋಲ್ ಕಾರ್ಡು ಯಾಕೆ ಎಂದು ಲೈಬ್ರರಿಯ ಶಾರದಾ ನಗಾಡುತ್ತಿದ್ದಳು. ಆದರೆ ಅವಳ ಸ್ಕೂಟಿಗೆ ಪೆಟ್ರೋಲ್ ಹಾಕಿಸಿದ್ದು ಅದೇ ಕಾರ್ಡು. ಇವರು ಬಂಕಿಗೆ ಜೊತೆಗೆ ಹೋಗುವುದು, ತಮ್ಮ ಕಾರ್ಡು ಉಜ್ಜುವುದು, ಅಲ್ಲೇ ನಿಂತು ಅವಳಿಂದ ಅಷ್ಟೇ ದುಡ್ಡು ಫೋನಿಗೆ ಹಾಕಿಸಿಕೊಳ್ಳುವುದು. ತಿಂಗಳ ಕೊನೆಗೆ ಬಂದ ಕ್ಯಾಶ್‌ಬ್ಯಾಕಿನಲ್ಲಿ ಅರ್ಧವನ್ನು ನಯಾಪೈಸೆ ಬಿಡದೆ ಅವಳಿಗೆ ಕೊಡುತ್ತಿದ್ದರು.

ನಾನು ವಾಷಿಂಗ್ ಮೆಷೀನ್ ಕೊಳ್ಳಲು ಹೊರಟಾಗ ಮೂರು ದಿನ ತಡೆದರು. ಮನೆಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು, ನನಗೆ ರೇಗಿಹೋಯಿತು. "ನಾಡಿದ್ದು ಬಿಲ್ ಆಗತ್ತೆ ಮೇಡಂ, ಆಚೆ ನಾಡಿದ್ದು ತಗಳಿ," ಎಂದರು. "ಬಿಲ್ ಆದ ಮಾರನೇ ದಿನ ಹುಟ್ಟಿದ ಖರ್ಚಿಗೆ ಆಯಸ್ಸು ಜಾಸ್ತಿ. ಐವತ್ತು ದಿನ ಬಡ್ಡಿ ಇಲ್ದೆ ಬದುಕತ್ತೆ." ಖರ್ಚಿನ ಬಗ್ಗೆ ಅವರು ಮಾತಾಡುತ್ತಿದ್ದುದೇ ಹೀಗೆ, ಅದಕ್ಕೆ ಜೀವ ಇದೆ ಎನ್ನುವ ಹಾಗೆ. ವರ್ಷವಿಡೀ ಬಳಸದ ಕಾರ್ಡನ್ನು ಬ್ಯಾಂಕು ಮುಚ್ಚಿಬಿಡುತ್ತದೆ. ಅದಕ್ಕೆ ಅವರು "ಕಾರ್ಡು ಸಾಯತ್ತೆ" ಎನ್ನುತ್ತಿದ್ದರು. ನನ್ನ ಪರ್ಸಿನಲ್ಲಿ ಮೂಲೆಗೆ ಬಿದ್ದ ಒಂದು ಹಸಿರು ಕಾರ್ಡಿತ್ತು. ಅದನ್ನು ನೋಡಿದಾಗಲೆಲ್ಲ, "ಪಾಪ, ಅದಕ್ಕೂ ಸ್ವಲ್ಪ ಏನಾದ್ರೂ ತಗಳಿ ಮೇಡಂ, ಉಸಿರಾಡ್ಕೊಂಡಿರ್ಲಿ," ಎನ್ನುತ್ತಿದ್ದರು.

ಆಸೆಬುರುಕರಲ್ಲ, ಅದನ್ನು ಮಾತ್ರ ಹೇಳಲೇಬೇಕು. ಪಾಯಿಂಟು ಸಿಗುತ್ತದೆಂದು ಬೇಡದ್ದನ್ನು ಕೊಂಡವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಐದು ರೂಪಾಯಿ ವಾಪಸ್ ಬರತ್ತೆ ಅಂತ ತೊಂಬತ್ತೈದು ಕಳ್ಕೊಳ್ಳೋನಿಗೆ ಏನನ್ನಬೇಕು?" ಬಿಲ್ಲಿನ ಪೂರ್ತಿ ಹಣ ಕಟ್ಟದೆ ಕನಿಷ್ಠ ಮೊತ್ತ ಮಾತ್ರ ಕಟ್ಟುವುದಕ್ಕೆ ಗಾಳ ನುಂಗುವುದು ಎನ್ನುತ್ತಿದ್ದರು. ಕಾರ್ಡನ್ನು ಯಾರ ಕೈಗೂ ಕೊಡಬಾರದು, ಕಣ್ಣಳತೆಯಿಂದ ಆಚೆ ಬಿಡಬಾರದು ಎಂಬುದು ಅವರ ಮೊದಲ ಪಾಠ. ಈ ಪಾಠವನ್ನು ಅವರೇ ಮುರಿದಿದ್ದರು ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ದಿನಾ ಹನ್ನೊಂದೂಕಾಲಿಗೆ ಅವರ ಫೋನ್ ಟಿಣ್ ಎನ್ನುತ್ತಿತ್ತು. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಫೋನನ್ನು ಅಂಗಿಗೆ ಒರೆಸಿ, ಕನ್ನಡಕ ಹಣೆಗೇರಿಸಿ ಓದುತ್ತಿದ್ದರು. ಅವರ ಖಾತೆಯ ಮೇಲೆಯೇ ಹೆಂಡತಿಯ ಹೆಸರಲ್ಲೂ ಒಂದು ಕಾರ್ಡಿತ್ತು. ಆಕೆ ಖರ್ಚು ಮಾಡಿದರೆ ಇವರಿಗೆ ಮೆಸೇಜು.

"ನಮ್ಮನೆಯವ್ಳು," ಎನ್ನುತ್ತಿದ್ದರು. ಅದರಲ್ಲಿ ಅಂಗಡಿಯ ಹೆಸರು, ಮೊತ್ತ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಅಷ್ಟರಿಂದಲೇ ಅವರು ಮನೆಯ ಹವಾಮಾನ ಹೇಳುತ್ತಿದ್ದರು. "ಅರವತ್ತೆಂಟು. ಮೆಂತ್ಯ ಸೊಪ್ಪು ತಗಂಡಿದಾಳೆ, ರಾತ್ರಿ ಚಪಾತಿ." "ನೂರಾ ಎಂಬತ್ತು. ಹಪ್ಪಳ ತಗಂಡ್ಲು ಅಂದ್ರೆ ಯಾರೋ ಬರೋರಿದಾರೆ." ನಾವು ಆಕೆಯನ್ನು ನೋಡಿರಲಿಲ್ಲ, ಆದರೆ ಆಕೆಯ ಅಡುಗೆಮನೆ ನಮಗೆ ಬಾಯಿಪಾಠವಾಗಿತ್ತು.

"ಒಂದಿನ ಕರ್ಕೊಂಡ್ ಬನ್ನಿ ಮಾರಾಯ್ರೇ," ಎಂದು ಶಾರದಾ ಕಾಡುತ್ತಿದ್ದಳು. "ಮೆಸೇಜಲ್ಲೇ ನೋಡಿ ನೋಡಿ ಸಾಕಾಯ್ತು."

"ಅವಳು ಹೊರಗೆ ಬರೋದು ಕಮ್ಮಿ," ಎನ್ನುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಕೋಟೆಯ ಕಡೆ ಹೋಗೋಣ ಬನ್ನಿ ಎಂದು ನನ್ನನ್ನು ಕರೆದರು. ಬಳೆ ಅಂಗಡಿಯಲ್ಲಿ ಹಸಿರು ಗಾಜಿನ ಬಳೆ ಆರಿಸಿಕೊಡಬೇಕಂತೆ. "ನಿಮ್ಮ ಕೈ ಅಳತೇನೇ ಸರಿ," ಎಂದರು. ನಾನು ನನ್ನ ಕೈಗೆ ತೊಟ್ಟು ನೋಡಿ ಒಂದು ಡಜನ್ ಆರಿಸಿದೆ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದುಕೊಂಡೆ. ನನ್ನ ಗಂಡನಿಗೆ ನನ್ನ ಕೈಯ ಅಳತೆ ಇರಲಿ, ಕೈ ಎರಡಿವೆ ಎಂಬುದೂ ನೆನಪಿರುವುದು ಅನುಮಾನ.

ಕಳೆದ ವರ್ಷ ಡಿಸೆಂಬರಿನಲ್ಲಿ ಸಾರ್ ಜ್ವರವೆಂದು ವಾರ ರಜೆ ಹಾಕಿದರು. ಆಡಿಟ್ ಹತ್ತಿರವಿತ್ತು, ಬೀರುವಿನ ಕೀ ಅವರ ಹತ್ತಿರ. ಪ್ರಿನ್ಸಿಪಾಲರು ನನ್ನನ್ನೇ ಕಳಿಸಿದರು. ಮೊದಲ ಸಲ ಅವರ ಮನೆಗೆ ಹೋಗುವುದು, ಮನೆಯಲ್ಲಿ ಮುತ್ತೈದೆ ಇದ್ದಾರೆ, ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು, ಒಂದು ರವಿಕೆ ಕಣ, ಅರಿಶಿನ ಕುಂಕುಮದ ಪೊಟ್ಟಣ, ಎರಡು ಮೊಳ ಮಲ್ಲಿಗೆ ತೆಗೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಅವರೇ. ಶಾಲು ಹೊದ್ದಿದ್ದರು. ನನ್ನ ಕೈಯ ಹೂವನ್ನು ನೋಡಿ, "ಕೊಡಿ, ಅವಳಿಗೆ ಇಷ್ಟ," ಎಂದು ತೆಗೆದುಕೊಂಡರು. ಒಳಗೆ ಗೋಡೆಯ ಮೇಲೆ ಆಕೆಯ ಫೋಟೋ ಇತ್ತು. ಗಂಧದ ಹಾರ, ಕೆಳಗೆ ಪುಟ್ಟ ಕೆಂಪು ಬಲ್ಬು. ನನ್ನ ಕೈಯಲ್ಲಿದ್ದ ಅರಿಶಿನ ಕುಂಕುಮದ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಐದು ವರ್ಷ ಆಯ್ತು ಮೇಡಂ," ಎಂದರು. ನಮ್ಮ ಕಾಲೇಜಿಗೆ ವರ್ಗವಾಗಿ ಬರುವ ಮುಂಚಿನ ವರ್ಷ. ಹೂವನ್ನು ಫೋಟೋಗೆ ಹಾಕಲಿಲ್ಲ. ಅಡುಗೆಮನೆಯ ಬಾಗಿಲ ಮೊಳೆಗೆ, ತಲೆ ಬಾಚಿಕೊಂಡು ಬಂದವರ ಕೈಗೆ ಸಿಗುವ ಹಾಗೆ, ನೇತುಹಾಕಿದರು. ಪಕ್ಕದ ಮೊಳೆಯಲ್ಲಿ ನಾನು ಆರಿಸಿದ ಹಸಿರು ಬಳೆಗಳಿದ್ದವು. ಹನ್ನೆರಡು ಕೊಂಡಿದ್ದೆವು, ಹತ್ತಿದ್ದವು. ನಾನು ಎಣಿಸುತ್ತಿದ್ದುದನ್ನು ಅವರು ನೋಡಿದರು.

"ಪಾತ್ರೆ ತೊಳೆಯೋವಾಗ ಒಡೀತಾವೆ," ಎಂದರು.

ಆಗ ಹಾಸಿಗೆಯ ಮೇಲಿದ್ದ ಫೋನು ಟಿಣ್ ಎಂದಿತು. ಗಡಿಯಾರ ನೋಡುವುದು ಬೇಕಿರಲಿಲ್ಲ. ಸಾರ್ ಕನ್ನಡಕ ಹಣೆಗೇರಿಸಿ ಓದಿದರು. "ನಲವತ್ತಾರು. ಒಂದು ಪ್ಯಾಕೆಟ್ ಹಾಲು, ಒಂದು ಮೊಳ ಮಲ್ಲಿಗೆ." ಆಮೇಲೆ ನನ್ನನ್ನು ನೋಡಿ, "ನೀವು ತರ್ತೀರಿ ಅಂತ ಅವಳಿಗೆ ಗೊತ್ತಿರ್ಲಿಲ್ಲ," ಎಂದರು. ಕೀ ತೆಗೆದುಕೊಂಡು, ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಹೊರಟೆ.

ಬೀದಿಯ ತುದಿಯಲ್ಲಿ ಮೆಸೇಜಿನಲ್ಲಿ ಬರುತ್ತಿದ್ದ ಅದೇ ಹೆಸರಿನ ಅಂಗಡಿ ಇತ್ತು. ಹಾಲು, ಹೂವು, ಸೊಪ್ಪು, ದಿನಸಿ. ನಡುವಯಸ್ಸು ದಾಟಿದ ಒಬ್ಬ ತಮಿಳು ಹೆಂಗಸು ಕೂತಿದ್ದಳು. ಸಾರ್ ಆಫೀಸಿನವಳು ಎಂದೆ. ನಾನು ಕೇಳುವ ಮೊದಲೇ ಅವಳು ಎಲ್ಲ ಹೇಳಿದಳು, ಯಾರಿಗಾದರೂ ಹೇಳಲು ಕಾಯುತ್ತಿದ್ದಳೋ ಏನೋ.

ಸಾರ್ ಹೆಂಡತಿಯ ಕಾರ್ಡು ಇದ್ದುದು ಈ ಅಂಗಡಿಯ ಬಿಸ್ಕತ್ತಿನ ಡಬ್ಬಿಯಲ್ಲಿ. ಜೊತೆಗೊಂದು ಹಳೆಯ ಕ್ಯಾಲೆಂಡರ್. ಸಾಯುವ ವರ್ಷ ಆಕೆ ದಿನದಿನವೂ ಏನೇನು ತರಿಸಿದೆ ಎಂದು ಅದರ ಚೌಕಗಳಲ್ಲಿ ಬರೆದಿಟ್ಟಿದ್ದಳು. ಹಾಲು, ಹೂವು, ಮೆಂತ್ಯ, ಹಪ್ಪಳ.

"ಸಾರು ಹೇಳಿದಾರೆ ಮೇಡಂ, ಇವತ್ತಿನ ತಾರೀಕಲ್ಲಿ ಅಮ್ಮ ಏನು ಬರ್ದಿದಾರೋ ಅದನ್ನೇ ಬಿಲ್ ಮಾಡು ಅಂತ. ಬೆಳಿಗ್ಗೆ ರಶ್ ಮುಗಿಸಿ ಹನ್ನೊಂದು ಗಂಟೆ ಮೇಲೆ ಮಿಷನ್ನಿಗೆ ಕಾರ್ಡು ತಟ್ತೀನಿ. ಹೂವು ಗಣಪತಿ ಗುಡಿಗೆ ಕೊಡ್ತೀನಿ, ಹಾಲು ಸೊಪ್ಪು ಎದುರು ಮನೆ ಬಾಣಂತಿಗೆ. ದುಡ್ಡು ಸಾರೇ ಕಟ್ಕೋತಾರೆ."

ನನಗೆ ಎದೆಯ ಭಾರ ಇಳಿದ ಹಾಗಾಯಿತು. ಇಷ್ಟೇನಾ ಎನಿಸಿತು. ಹೆಂಡತಿಯ ಕಾರ್ಡು ಸಾಯದಿರಲಿ ಎಂದು ಮನುಷ್ಯ ಒಂದು ದಾರಿ ಹುಡುಕಿಕೊಂಡಿದ್ದಾನೆ, ಅಷ್ಟೆ. "ಇವತ್ತೂ ತಟ್ಟಿದ್ರಲ್ಲ, ನಲವತ್ತಾರು," ಎಂದೆ.

ಅವಳು ಕ್ಯಾಲೆಂಡರ್ ತಿರುಗಿಸಿ ತೋರಿಸಿದಳು. ನವೆಂಬರ್ ಹಾಳೆಯ ನಡುವಿಗೆ ಬರವಣಿಗೆ ನಿಂತಿತ್ತು. ಆಮೇಲಿನ ಚೌಕಗಳೆಲ್ಲ ಖಾಲಿ. ಡಿಸೆಂಬರ್ ಪೂರ್ತಿ ಖಾಲಿ.

"ಅಲ್ಲಿಗೆ ಅಮ್ಮ ಹೋಗ್ಬಿಟ್ರು. ಇಲ್ಲಿಂದ ಜನವರಿ ತನಕ ನಾನು ತಟ್ಟಲ್ಲ ಮೇಡಂ. ಏನಂತ ತಟ್ಲಿ? ಸಾರನ್ನ ಕೇಳಿದ್ರೆ, ಆವಾಗ ಅವಳಿಗೆ ಬೇಕಾದ್ದನ್ನ ಅವಳೇ ತಗೋತಾಳೆ ಬಿಡಮ್ಮ ಅಂದ್ರು." ಮಿಷನ್ನಿನ ಗುಂಡಿ ಒತ್ತಿ ನನ್ನ ಕಡೆ ಹಿಡಿದಳು. ನಲವತ್ತಾರು ರೂಪಾಯಿ, ಹನ್ನೊಂದೂಕಾಲು. "ದುಡ್ಡು ಬಂದಿರತ್ತೆ. ಕಾರ್ಡು ಡಬ್ಬೀಲೇ ಇರತ್ತೆ. ಸಂಜೆ ಲೆಕ್ಕ ಹಾಕಿದ್ರೆ ಒಂದು ಪ್ಯಾಕೆಟ್ ಹಾಲು, ಒಂದು ಮೊಳ ಹೂವು ಕಮ್ಮಿ ಇರತ್ತೆ. ಮುರುಗನ್ ಸತ್ಯವಾಗ್ಲೂ."

ನಾನು ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಶಾರದಾಗೂ ಇಲ್ಲ. ಆದರೆ ನನ್ನ ಬುದ್ಧಿ ಒಂದಿದೆಯಲ್ಲ. ಇಪ್ಪತ್ತಾರು ವರ್ಷ ರಿಜಿಸ್ಟರ್ ತಿದ್ದಿದ ಬುದ್ಧಿ. ಸಾರ್ ಅವರ ಸೇವಾ ಪುಸ್ತಕ ತೆಗೆದರೆ ನಾಮಿನಿಯ ಜಾಗದಲ್ಲಿ ಇನ್ನೂ ಹೆಂಡತಿಯ ಹೆಸರು. ಸತ್ತವರ ಹೆಸರಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕುವುದು ನನ್ನ ಕೆಲಸ. ಎಳೆಯದೆ ಬಿಟ್ಟಿದ್ದು ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಸಾರ್ ಖಜಾನೆ ಕಚೇರಿಗೆ ಹೋಗಿದ್ದರು. ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ಮೂರು ಸಲ ಹೊಡೆದುಕೊಂಡಿತು. ಏನು ಅರ್ಜೆಂಟೋ ಎಂದು ಎತ್ತಿದೆ. ಬ್ಯಾಂಕಿನ ಹುಡುಗಿ. ಸಾರ್ ಹೆಂಡತಿಯ ಹೆಸರು ಹೇಳಿ, "ಅವರ ಕಾರ್ಡ್ ಅವಧಿ ಮುಗೀತಾ ಇದೆ, ಹೊಸದು ಕಳಿಸ್ಬೇಕು. ಮೇಡಂ, ನೀವೇನಾ ಮಾತಾಡ್ತಿರೋದು?" ಎಂದಳು.

"ಅಲ್ಲ," ಎಂದೆ.

"ಅವರು ಸಿಗ್ತಾರಾ?"

"ಇಲ್ಲಮ್ಮ. ಅವ್ರು ತೀರ್ಕೊಂಡು ಐದು ವರ್ಷ ದಾಟಿದೆ."

ಆ ಕಡೆ ಕೀಲಿಮಣೆ ಒತ್ತುವ ಸದ್ದು ಕೇಳಿಸಿತು. ಮಾಹಿತಿ ಕೊಟ್ಟಿದ್ದಕ್ಕೆ ಧನ್ಯವಾದ ಹೇಳಿ ಫೋನಿಟ್ಟಳು. ಒಂದು ನಿಮಿಷ ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಒಂದು ಕಾಲಂ ಸರಿಹೋಯಿತು ಎನ್ನುವ ಹಿತ. ಆಮೇಲೆ ಏನು ಮಾಡಿದೆ ಎಂದು ಗೊತ್ತಾಗಿ, ಫೋನನ್ನು ಮೊದಲಿದ್ದ ಹಾಗೇ ಚಾರ್ಜಿಗಿಟ್ಟು ನನ್ನ ಕುರ್ಚಿಗೆ ಬಂದು ಕೂತೆ.

ಮಾರನೇ ದಿನ ಹನ್ನೊಂದೂಕಾಲಿಗೆ ಸಾರ್ ಪೆನ್ನು ಕೆಳಗಿಟ್ಟರು. ಫೋನನ್ನು ಅಂಗಿಗೆ ಒರೆಸಿದರು, ಕನ್ನಡಕ ಹಣೆಗೇರಿಸಿದರು. ಹನ್ನೊಂದೂವರೆವರೆಗೆ ಹಾಗೇ ಹಿಡಿದುಕೊಂಡಿದ್ದರು. ಮೂರನೇ ದಿನ, "ನೆಟ್‌ವರ್ಕ್ ಇಲ್ವಾ ಮೇಡಂ ಇವತ್ತು?" ಎಂದು ಕೇಳಿದರು. "ಇದೆಯಲ್ಲ ಸಾರ್," ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು. ವಾರ ಕಳೆಯುವಷ್ಟರಲ್ಲಿ ಯಾರು ಕರೆದರೂ ಅವರು ಅಂಗಡಿಗೆ ಜೊತೆಯಾಗುವುದನ್ನು ಬಿಟ್ಟರು. ಸಂಚಿಯನ್ನು ಮೇಜಿನ ಡ್ರಾಯರಿಗೆ ಹಾಕಿಬಿಟ್ಟರು. ಒಮ್ಮೆ ಮಾತ್ರ, ನನಗೋ ತಮಗೋ ತಿಳಿಯದ ಹಾಗೆ ಹೇಳಿದರು: "ಮೆಸೇಜ್ ಬಂದಿಲ್ಲ ಅಂದ್ರೆ ಅವಳು ಊಟ ಮಾಡಿದ್ಲೋ ಇಲ್ವೋ ಗೊತ್ತಾಗಲ್ಲ."

ಆ ದಿನವಾದರೂ ನಾನು ಒಪ್ಪಿಕೊಳ್ಳಬೇಕಿತ್ತು.

ಮೇ ಕೊನೆಗೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರೂ ಎರಡೆರಡು ಮಾತಾಡಿದರು, ಶಾರದಾ ಅತ್ತಳು. ಸಾರ್ ಪ್ರತಿಯೊಬ್ಬರ ಹತ್ತಿರ ಬಂದು ಅವರವರ ಕಾರ್ಡಿನ ಬಗ್ಗೆ ಒಂದೊಂದು ಕಿವಿಮಾತು ಹೇಳಿದರು. ಇವರಿಗೆ ಬಿಲ್ಲಿನ ದಿನ, ಅವರಿಗೆ ಪಾಯಿಂಟು ಕೊಳೆಯುವ ತಿಂಗಳು. ನನ್ನ ಹತ್ತಿರ ಬಂದಾಗ ತಗ್ಗಿದ ದನಿಯಲ್ಲಿ, "ಮೇಡಂ, ಬ್ಯಾಂಕಿನವ್ರು ಕೇಳಿದ್ದಕ್ಕೆಲ್ಲ ಉತ್ತರ ಹೇಳ್ಬಾರ್ದು," ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಆಷಾಢದಲ್ಲಿ ಹೋದರು. ನಿದ್ದೆಯಲ್ಲೇ ಹೃದಯ ನಿಂತಿತಂತೆ. ಅವರ ತಮ್ಮನ ಮನೆಯವರು ಕಾರ್ಯ ಮುಗಿಸಿದ ದಿನ ನಾನು ಹೋಗಿ ಊಟ ಮಾಡಿ ಬಂದೆ. ಬರುವಾಗ ಅಂಗಡಿಯವಳು ಕರೆದು ಕ್ಯಾಲೆಂಡರನ್ನೂ ಸತ್ತ ಕಾರ್ಡನ್ನೂ ಮುಂದಿಟ್ಟಳು. "ಇದನ್ನೇನ್ ಮಾಡ್ಲಿ ಮೇಡಂ? ಬಿಸಾಕೋಕೆ ಕೈ ಬರಲ್ಲ." ನಾನು ಯೋಚನೆಯನ್ನೇ ಮಾಡಲಿಲ್ಲ. ಪರ್ಸಿನ ಮೂಲೆಯಿಂದ ಹಸಿರು ಕಾರ್ಡು ತೆಗೆದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. "ಮೊದ್ಲಿನ ಹಾಗೇ ತಟ್ಟಮ್ಮ," ಎಂದೆ. ಕಾರ್ಡನ್ನು ಯಾರ ಕೈಗೂ ಕೊಡಬಾರದು ಎಂಬ ಪಾಠ ನೆನಪಿಗೆ ಬಂತು. ಬರಲಿ ಎಂದುಕೊಂಡೆ.

ಅಂದಿನಿಂದ ಹನ್ನೊಂದೂಕಾಲಿಗೆ ಟಿಣ್ ಎನ್ನುವುದು ನನ್ನ ಫೋನು. ಅರವತ್ತೆಂಟು ಬಂದ ದಿನ ಮೆಂತ್ಯ, ನೂರಾ ಎಂಬತ್ತು ಬಂದ ದಿನ ಹಪ್ಪಳ. ಇದರಿಂದ ತಪ್ಪು ತೀರುತ್ತದೆಂದೇನೂ ಅಲ್ಲ. ತಿಂಗಳ ಕೊನೆಗೆ ಬರುವ ಚಿಲ್ಲರೆ ಕ್ಯಾಶ್‌ಬ್ಯಾಕನ್ನು ಅರ್ಧ ಮಾಡಿ, ಒಂದರ್ಧವನ್ನು ಗಣಪತಿ ಗುಡಿಯ ಹುಂಡಿಗೆ ಹಾಕುತ್ತೇನೆ.

ಮೊನ್ನೆ ಕ್ಯಾಲೆಂಡರಿನ ನವೆಂಬರಿನಲ್ಲಿ ಆಕೆ ಬರೆದಿದ್ದ ಕೊನೆಯ ಚೌಕ ಮುಗಿಯಿತು. ಮಾರನೇ ದಿನ ಅಂಗಡಿಯವಳೇ ಬೆಳಿಗ್ಗೆ ಫೋನ್ ಮಾಡಿ, "ಇವತ್ತಿಂದ ತಟ್ಟಲ್ಲ ಮೇಡಂ, ಕಾರ್ಡು ಡಬ್ಬೀಲಿಟ್ಟು ಬೀಗ ಹಾಕಿದೀನಿ," ಎಂದಿದ್ದಳು. ಹನ್ನೊಂದು ಗಂಟೆಗೆ ನಾನು ಫೈಲು ತೆರೆದು ಕೂತೆ. ಎದುರಿನ ಮೇಜು ಇನ್ನೂ ಖಾಲಿಯೇ ಇದೆ, ಹೊಸಬರು ಬಂದಿಲ್ಲ. ಏನೂ ಬರುವುದಿಲ್ಲ ಎಂದು ಗೊತ್ತಿದ್ದರೂ ಫೋನನ್ನು ಸೆರಗಿಗೆ ಒರೆಸಿ ಇಟ್ಟುಕೊಂಡಿದ್ದೆ.

ಹನ್ನೊಂದೂಕಾಲಿಗೆ ಟಿಣ್ ಎಂದಿತು. ಅದೇ ಅಂಗಡಿ. ಎಪ್ಪತ್ತೆರಡು ರೂಪಾಯಿ.

ಮೊತ್ತ ತಪ್ಪಾಗಿದೆ ಎಂದುಕೊಂಡೆ, ಬಂದರೂ ಹೋದ ವರ್ಷದ ಹಾಗೆ ನಲವತ್ತಾರು ಬರಬೇಕಿತ್ತು. ಆಮೇಲೆ ಸಾರ್ ಕಲಿಸಿದ ಹಾಗೆ ಬಿಡಿಸಿ ನೋಡಿದೆ. ಮಲ್ಲಿಗೆ ಮೊಳಕ್ಕೆ ಇಪ್ಪತ್ತು. ಹಾಲಿನ ಪ್ಯಾಕೆಟ್ಟಿಗೆ ಇಪ್ಪತ್ತಾರು. ಹೂವು ಒಂದೇ ಮೊಳ. ಹಾಲು ಎರಡು ಪ್ಯಾಕೆಟ್ಟು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬ್ಯಾಂಕಿನ ರೆಕಾರ್ಡು ಮಾಡಿದ ದನಿ. ನಿಮ್ಮ ಕಾರ್ಡಿನಲ್ಲಿ ಈಗಷ್ಟೇ ಒಂದು ಖರ್ಚಾಗಿದೆ. ಅದನ್ನು ಮಾಡಿದ್ದು ನೀವೇ ಆಗಿದ್ದರೆ ಒಂದು ಒತ್ತಿ. ಅಲ್ಲವಾದರೆ ಎರಡು ಒತ್ತಿ, ಕಾರ್ಡನ್ನು ಕೂಡಲೇ ನಿಲ್ಲಿಸಲಾಗುವುದು.

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನಾನು ಒಂದೇ ಒಂದು ಸುಳ್ಳು ನಮೂದು ಮಾಡಿದವಳಲ್ಲ. ಒಂದು ಒತ್ತಿದೆ.